ಹಡಗೇರಿದ ಚರ್ಚು, ಹೇಮಾವತಿಯಲ್ಲಿ ನಿಂತ ಚರ್ಚು

ಲಂಡನ್

ತೀರ್ಥರೂಪ ಸಮಾನರಾದ ಚಿಕ್ಕಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಹಾಸನದ ಹತ್ತಿರ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಫೋಟೊಗಳು ತಲುಪಿದವು. ಲಂಡನ್ನಿನ ಒಂದು ಚರ್ಚನ್ನೇ ಬಿಚ್ಚಿ ಅಮೆರಿಕಕ್ಕೆ ಸಾಗಿಸಿದರಂತಲ್ಲ, ಇದನ್ನೂ ಹಾಗೇ ದಡಕ್ಕೆ ತರಬಾರದೇ ಎಂದು ಕೇಳಿದ್ದೀರಿ. ಸಾಗಿಸಿದ್ದು ನಿಜ. ಆದರೆ ನಮ್ಮದಕ್ಕೆ ಆ ದಾರಿ ಆಗದು. ಏಕೆಂದು ಬರೆಯುತ್ತೇನೆ.

ಆ ಚರ್ಚು ಸೇಂಟ್ ಮೇರಿ ಆಲ್ಡರ್ಮನ್‌ಬರಿ. 1181ರಲ್ಲೇ ಅದರ ಉಲ್ಲೇಖವಿದೆ. ಶೇಕ್ಸ್‌ಪಿಯರನ ಜೊತೆಯ ನಟರಾದ ಹೆಮಿಂಜಸ್ ಮತ್ತು ಕಾಂಡೆಲ್ ಇದೇ ಚರ್ಚಿನವರು. ಅವನ ನಾಟಕಗಳನ್ನು ಒಟ್ಟುಗೂಡಿಸಿ 1623ರಲ್ಲಿ ಅಚ್ಚು ಹಾಕಿಸಿದವರು. ಅವರಿಬ್ಬರು ಆ ಕೆಲಸ ಮಾಡದಿದ್ದರೆ ಅರ್ಧದಷ್ಟು ನಾಟಕಗಳು ನಮಗೆ ಸಿಗುತ್ತಿರಲಿಲ್ಲ. 1666ರ ಸೆಪ್ಟೆಂಬರಿನ ಮಹಾ ಬೆಂಕಿಯಲ್ಲಿ ಚರ್ಚು ಸುಟ್ಟುಹೋಯಿತು. ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಿ, ಆ ಹಣದಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೈಯಿಂದ ಪೇಟೆಯ 51 ಚರ್ಚುಗಳನ್ನು ಮತ್ತೆ ಕಟ್ಟಿಸಿದರು. ಇದೂ ಅವುಗಳಲ್ಲಿ ಒಂದು. ಪೋರ್ಟ್‌ಲ್ಯಾಂಡಿನ ಬಿಳಿ ಸುಣ್ಣಕಲ್ಲಿನ ಕಟ್ಟಡ.

1940ರ ಡಿಸೆಂಬರ್ 29, ಕ್ರಿಸ್ಮಸ್ ಮುಗಿದ ಭಾನುವಾರ. ಕಚೇರಿಗಳಿಗೆಲ್ಲ ಬೀಗ. ಜರ್ಮನ್ ವಿಮಾನಗಳು ಎಸೆದ ಸಣ್ಣ ಸಣ್ಣ ಬೆಂಕಿ ಬಾಂಬುಗಳನ್ನು ಬಿದ್ದ ತಕ್ಷಣ ಮರಳು ಸುರಿದು ಆರಿಸಬಹುದಿತ್ತು, ಆದರೆ ಚಾವಣಿ ಹತ್ತಲು ಜನರೇ ಇರಲಿಲ್ಲ. ನೀರಿನ ಕೊಳವೆಗಳು ಒಡೆದವು. ಥೇಮ್ಸ್ ನದಿಯಲ್ಲಿ ಇಳಿತದ ಹೊತ್ತು, ಪೈಪು ಬಿಟ್ಟರೆ ಕೆಸರು ಬರುತ್ತಿತ್ತು. ಚರ್ಚಿನ ಮಾಡು, ಮರದ ಕೆಲಸವೆಲ್ಲ ಬೂದಿಯಾಗಿ ಗೋಡೆ ಮಾತ್ರ ನಿಂತಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು.

ಚರ್ಚಿಲ್ 1946ರ ಮಾರ್ಚ್ 5ರಂದು ಮಿಸೌರಿ ರಾಜ್ಯದ ಫುಲ್ಟನ್ ಎಂಬ ಊರಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜಿನಲ್ಲಿ ಯೂರೋಪು ಎರಡು ಪಾಲಾಗಿದೆ ಎಂದು ಎಚ್ಚರಿಸಿದ 'ಉಕ್ಕಿನ ಪರದೆ'ಯ ಭಾಷಣ ಮಾಡಿದ್ದರು. ಅದರ ನೆನಪಿಗೆ ಆ ಕಾಲೇಜಿನವರು ಈ ಪಾಳು ಚರ್ಚನ್ನು ಕೇಳಿ ಪಡೆದರು. ಸುಮಾರು 7,000 ಕಲ್ಲು. ಒಂದೊಂದನ್ನೂ ಬಿಡಿಸಿ, ತೊಳೆದು, ನಂಬರು ಹಾಕಿ, ಹಡಗಿಗೂ ರೈಲಿಗೂ ಏರಿಸಿದರು. ಅಲ್ಲಿಗೆ ಸೇರುವಷ್ಟರಲ್ಲಿ ಕ್ರಮ ಕಲಸಿಹೋಗಿ, ಬಯಲಲ್ಲಿ ಹರಡಿ ಮತ್ತೆ ಜೋಡಿಸಬೇಕಾಯಿತು. ಒಳಗಿನ ಮರಗೆಲಸವನ್ನು ಯುದ್ಧಕ್ಕೆ ಮುಂಚಿನ ಫೋಟೊ ನೋಡಿ ಹೊಸದಾಗಿ ಮಾಡಿದರು. 1969ರ ಮೇ 7ರಂದು ಅರ್ಪಣೆಯಾಯಿತು. ಲಂಡನ್ನಿನಲ್ಲಿ, ಹಳೆಯ ಪುರಭವನವಾದ ಗಿಲ್ಡ್‌ಹಾಲ್ ಪಕ್ಕದ ಲವ್ ಲೇನ್ ಮೂಲೆಯಲ್ಲಿ, ಅದರ ಅಡಿಪಾಯ ಉಳಿಸಿ ತೋಟ ಮಾಡಿದ್ದಾರೆ.

ಇದೆಲ್ಲ ಆದದ್ದು ಅದು ಕೆತ್ತಿದ ಕಲ್ಲಾಗಿದ್ದರಿಂದ. ಕೆತ್ತಿದ ಕಲ್ಲಿಗೆ ತನ್ನದೇ ಅಳತೆ, ತನ್ನದೇ ಜಾಗ ಇರುತ್ತದೆ. ಶೆಟ್ಟಿಹಳ್ಳಿಯದು ಇಟ್ಟಿಗೆ ಮತ್ತು ಗಾರೆ. ಬಿಚ್ಚಿದರೆ ಉಳಿಯುವುದು ಚೂರು, ಪುಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗೋಡೆ ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ವರ್ಷವರ್ಷವೂ ನೆನೆದು ಒಣಗುತ್ತಿದೆ. ನೆನೆದಾಗ ಗಾರೆ ಸಡಿಲವಾಗುತ್ತದೆ, ಒಣಗುವಾಗ ಉಪ್ಪು ಹೊರಬಂದು ಇಟ್ಟಿಗೆಯ ಮುಖ ಉದುರುತ್ತದೆ, ಅಲೆ ಬಡಿಯುವ ಮಟ್ಟದಲ್ಲಿ ಗೋಡೆ ಸವೆಯುತ್ತದೆ. ಇದನ್ನು ಸಾಗಿಸಲಾಗದು, ಆದರೆ ದಾಖಲಿಸಬಹುದು. ನನಗೆ ಅದೇ ಈಗ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಾಗ, ಅನುಮತಿ ಪಡೆದು, ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಹೋಗಿ. 30 ಮೀಟರಿನ ಟೇಪು, ತೂಗುಗುಂಡು, ನೀರು ತುಂಬಿದ ಲೆವೆಲ್ ಪೈಪು ಸಾಕು. ಉದ್ದ ಅಗಲದ ಜೊತೆಗೆ ಕರ್ಣವನ್ನೂ ಅಳೆಯಿರಿ; ನಾಲ್ಕು ಬದಿ ಗೊತ್ತಿದ್ದರೂ ಮೂಲೆ ಓರೆಯಾಗಿದೆಯೋ ಇಲ್ಲವೋ ತಿಳಿಯದು. ಎತ್ತರವನ್ನೆಲ್ಲ ಒಂದೇ ಗುರುತಿನಿಂದ ಅಳೆಯಿರಿ, ನೆಲದಿಂದ ಬೇಡ, ಹೂಳು ಪ್ರತಿ ವರ್ಷ ಏರಿಳಿಯುತ್ತದೆ. ಕಮಾನಿಗೆ ಅಗಲ, ಎತ್ತರ, ಎಷ್ಟು ಸುತ್ತು ಇಟ್ಟಿಗೆ ಎಂಬುದನ್ನು ಬರೆದುಕೊಳ್ಳಿ. ಫೋಟೊ ಮೋಡ ಮುಚ್ಚಿದ ದಿನ ತೆಗೆಯಿರಿ, ಬಿಸಿಲಿನ ನೆರಳು ಬಿರುಕನ್ನು ಮರೆಮಾಡುತ್ತದೆ. ಒಂದು ಫೋಟೊದ ಮುಕ್ಕಾಲು ಪಾಲು ಮುಂದಿನದರಲ್ಲಿಯೂ ಬರಲಿ, ಚೌಕಟ್ಟಿನೊಳಗೆ ಒಂದು ಮೀಟರಿನ ಕೋಲು ಇರಲಿ. ಹಾಗಿದ್ದರೆ ಕಂಪ್ಯೂಟರಿನಲ್ಲಿ ಇಡೀ ಗೋಡೆಯ ಮಾದರಿ ಮಾಡಬಹುದು.

ಮೂರು ಮಾತು ತಪ್ಪದೆ ನೋಡಿಕೊಳ್ಳಿ. ಯಾರಾದರೂ ಉತ್ಸಾಹದಿಂದ ಸಿಮೆಂಟ್ ಬಳಿಯಲು ಬಂದರೆ ತಡೆಯಿರಿ: ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆಯನ್ನೇ ಒಡೆಯುತ್ತದೆ. ಬಿರುಕಿನಲ್ಲಿ ಅರಳಿ ಸಸಿ ಇದ್ದರೆ ಕೀಳಬೇಡಿ, ಬೇರಿನ ಜೊತೆ ಗೋಡೆ ಕಿತ್ತು ಬರುತ್ತದೆ, ಬುಡಕ್ಕೆ ಕತ್ತರಿಸಿ. ಕಮಾನಿನ ಕೆಳಗೆ ಯಾರೂ ನಿಲ್ಲದಿರಲಿ.

ಅಳತೆಯ ಪುಸ್ತಕದ ಒಂದು ಪ್ರತಿ ಹಾಸನದಲ್ಲಿ ಚರ್ಚಿನವರ ಹತ್ತಿರ, ಇನ್ನೊಂದು ನಿಮ್ಮ ಹತ್ತಿರ ಇರಲಿ, ಮೂರನೆಯದನ್ನು ಇಲ್ಲಿಗೆ ಕಳಿಸಿ; ನಕ್ಷೆ ನಾನು ಬಿಡಿಸಿಕೊಡುತ್ತೇನೆ.

ಚಿಕ್ಕಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು