ಸಲೈನ್ ಹನಿಯನ್ನು ಬಿಡಬೇಡ

ಚಿ. ಸುಹಾಸನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನನ್ನು ಲ್ಯಾಬಿನಲ್ಲಿ ಮೆನಿಂಜೈಟಿಸ್ (ಮಿದುಳು ಪೊರೆಯ ಉರಿಯೂತ) ಪರೀಕ್ಷೆಯ ಬೆಂಚಿಗೆ ಹಾಕಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬ್ಯಾಕ್ಟೀರಿಯಾ ಯಾವ ಗುಂಪಿನದೆಂದು ಗುರುತಿಸುವುದಕ್ಕೆ ‘ಗ್ರೂಪಿಂಗ್ ಅಂದರೆ ಎರಡು ನಿಮಿಷದ ಕೆಲಸ’ ಅಂದೆಯಂತೆ. ಕೈಗೆ ಎರಡು ನಿಮಿಷ, ನಿಜ. ಆದರೆ ಈ ರೋಗ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ರಿಪೋರ್ಟಿನಲ್ಲಿ ನೀನು ಬರೆಯುವ ಎ, ಸಿ, ಡಬ್ಲ್ಯು ಅನ್ನೋ ಒಂದಕ್ಷರ ನೋಡಿಯೇ ಯಾವ ಲಸಿಕೆ ತರಿಸಬೇಕೆಂದು ತೀರ್ಮಾನಿಸುತ್ತಾರೆ ಮಗಾ.

2000ದ ಹಜ್ ಸಮಯದಲ್ಲಿ ಎಷ್ಟೋ ಯಾತ್ರಿಗಳು ಎ ಮತ್ತು ಸಿ ಗುಂಪಿನ ಲಸಿಕೆ ಹಾಕಿಸಿಕೊಂಡೇ ಹೋಗಿದ್ದರು. ಬಂದದ್ದು ಡಬ್ಲ್ಯು. ಊರಿಗೆ ಮರಳಿದವರ ಜೊತೆ ಹಲವು ದೇಶಗಳಿಗೆ ಹೋಯಿತು. ಅಲ್ಲಲ್ಲಿನ ಲ್ಯಾಬುಗಳು ಟೈಪಿಂಗ್ (ತಳಿ ಗುರುತಿಸುವ ಪರೀಕ್ಷೆ) ಮಾಡಿ ಹೋಲಿಸಿದ್ದರಿಂದಲೇ ಎಲ್ಲ ಒಂದೇ ತಳಿ ಎಂದು ತಿಳಿದದ್ದು. ಆಮೇಲೆ ಯಾತ್ರಿಗಳಿಗೆ ನಾಲ್ಕು ಗುಂಪಿನ (ಎ, ಸಿ, ಡಬ್ಲ್ಯು, ವೈ) ಲಸಿಕೆ ಕಡ್ಡಾಯವಾಯಿತು. ಆಫ್ರಿಕಾದಲ್ಲೂ ಹಾಗೇ. 2010ರಲ್ಲಿ ಬುರ್ಕಿನಾ ಫಾಸೊದಿಂದ ಶುರುವಾಗಿ ಪುಣೆಯಲ್ಲಿ ತಯಾರಾದ ಮೆನ್‌ಆಫ್ರಿವ್ಯಾಕ್ ಎಂಬ ಲಸಿಕೆ ಎ ಗುಂಪನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. 2015ರಲ್ಲಿ ನೈಜರ್‌ನಲ್ಲಿ ಸಿ ಎದ್ದಿತು. ‘ಇಲ್ಲಿ ಇದೇ ಇರೋದು’ ಅಂತ ಊಹಿಸಿ ಬರೆಯೋ ರೋಗವಲ್ಲ ಇದು.

ಸ್ಲೈಡ್ ಮಾಡುವಾಗ ಆಂಟಿಸೀರಮ್ (ಒಂದು ಗುಂಪಿನ ಬ್ಯಾಕ್ಟೀರಿಯಾವನ್ನು ಗಂಟುಕಟ್ಟಿಸುವ ದ್ರವ) ಪಕ್ಕದಲ್ಲಿ ಬರೀ ಸಲೈನಿನ, ಅಂದರೆ ಉಪ್ಪುನೀರಿನ, ಹನಿಯೂ ಇರಲೇಬೇಕು. ಎರಡಕ್ಕೂ ಅದೇ ಕಾಲನಿ (ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕಿ) ಕಲಸು, ಸ್ಲೈಡನ್ನು ಮೆಲ್ಲಗೆ ಆಡಿಸು, ಕಪ್ಪು ಹಿನ್ನೆಲೆ ಇಟ್ಟು ಬೆಳಕಿನಲ್ಲಿ ನೋಡು. ಆಂಟಿಸೀರಮ್ ಕಡೆ ಹಾಲು ಒಡೆದಂತೆ ಕಣಕಣವಾಗಿ, ಸಲೈನ್ ಕಡೆ ಮಬ್ಬು ಹಾಗೇ ಉಳಿದರೆ ಮಾತ್ರ ಅಕ್ಷರ ಬರೆ. ಸಲೈನಿನಲ್ಲೂ ಒಡೆದರೆ ಆ ಬ್ಯಾಕ್ಟೀರಿಯಾ ತನ್ನಷ್ಟಕ್ಕೆ ಗಂಟುಕಟ್ಟುತ್ತಿದೆ ಎಂದರ್ಥ. ಆ ಸ್ಲೈಡಿನಿಂದ ಯಾವ ಗುಂಪನ್ನೂ ಹೇಳಲಾಗದು. ಮತ್ತೆ ಸಬ್‌ಕಲ್ಚರ್ ಮಾಡು (ಹೊಸ ಪ್ಲೇಟಿನಲ್ಲಿ ಬೆಳೆಸು), ಇಲ್ಲವೇ ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸು. ಸಂಜೆ ರಿಪೋರ್ಟಿಗೆ ಅವಸರ ಮಾಡುತ್ತಾರೆ, ಮಾಡಲಿ. ರೋಗಿಗೆ ಆಂಟಿಬಯೋಟಿಕ್ ಆಗಲೇ ಶುರುವಾಗಿರುತ್ತದೆ, ಅದು ನಿನ್ನ ಅಕ್ಷರಕ್ಕೆ ಕಾಯುವುದಿಲ್ಲ. ಹೊಸ ಆಂಟಿಸೀರಮ್ ಬಾಟಲಿ ತೆರೆದಾಗಲೆಲ್ಲ ಗೊತ್ತಿರುವ ತಳಿ ಹಾಕಿ ಪರೀಕ್ಷಿಸು.

ಕಲ್ಚರ್‌ಗೆಂದು (ಬ್ಯಾಕ್ಟೀರಿಯಾ ಬೆಳೆಸಿ ನೋಡಲು) ಬಂದ ಸಿಎಸ್‌ಎಫ್ ಅನ್ನು, ಅಂದರೆ ರೋಗಿಯ ಬೆನ್ನಿನಿಂದ ತೆಗೆದ ಮಿದುಳು-ಬೆನ್ನುಹುರಿ ದ್ರವವನ್ನು, ಯಾರೂ ಫ್ರಿಜ್ಜಿಗೆ ಇಡದಂತೆ ನೋಡಿಕೋ. ತಣ್ಣಗಾದರೆ ಮೆನಿಂಗೊಕಾಕಸ್ ಸಾಯುತ್ತದೆ. ಪ್ಲೇಟಿನಲ್ಲಿ ಬೆಳೆಯದಿದ್ದರೂ ಪಿಸಿಆರ್ ಅದರ ಜೀನ್ ಹಿಡಿಯಬಲ್ಲದು, ಹಾಗಾಗಿ ಉಳಿದ ಸ್ಯಾಂಪಲ್ ಚೆಲ್ಲಬೇಡ.

ನನಗೆ ನಿಜವಾದ ಚಿಂತೆ ಬೇರೆಯೇ. ಕಾಲನಿ ಕಲಸುವಾಗ ಏಳುವ ಸಣ್ಣ ಹನಿಯಿಂದಲೇ ಸೋಂಕು ತಗಲಿ ಪ್ರಾಣ ಕಳೆದುಕೊಂಡ ಲ್ಯಾಬ್ ಸಿಬ್ಬಂದಿ ಇದ್ದಾರೆ. ಸೇಫ್ಟಿ ಕ್ಯಾಬಿನೆಟ್ ಬಿಟ್ಟು ತೆರೆದ ಬೆಂಚಿನ ಮೇಲೆ ಈ ಕೆಲಸ ಮಾಡಕೂಡದು. ನಾಲ್ಕು ಗುಂಪಿನ ಲಸಿಕೆಯಲ್ಲಿ ಬಿ ಇರುವುದಿಲ್ಲ, ಲಸಿಕೆಯಾದ ಮೇಲೂ ಕ್ಯಾಬಿನೆಟ್ ಬೇಕೇ ಬೇಕು. ನಿನಗೆ ಲಸಿಕೆ ಆಗಿದೆಯೋ ಇಲ್ಲವೋ ನಿಮ್ಮಪ್ಪನಿಗೂ ಗೊತ್ತಿಲ್ಲ. ಈ ವಾರವೇ ಹಾಕಿಸಿಕೊಂಡು ನನಗೆ ಫೋನ್ ಮಾಡು.

ಇಂತು,
ನಿನ್ನ ಅತ್ತೆ