ಬಿದ್ರಿ ಸಾಮಾನಿನ ಜೊತೆ ಒಂದು ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಬೀದರ್‌ಗೆ ಬಂದ ನೆಂಟರು ಬಿದ್ರಿ ಸಾಮಾನು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸಿದ ನಮ್ಮೂರಿನ ಕರಕುಶಲ ವಸ್ತು, ಬೇಕು ಅನ್ನುತ್ತಾರೆ. ಅಂಗಡಿಗೆ ಕರೆದುಕೊಂಡು ಹೋದರೆ ಅಲ್ಲಿ ಒಂದೇ ಅಳತೆಯ ಎರಡು ಹೂದಾನಿ ಪಕ್ಕಪಕ್ಕ ಇರುತ್ತವೆ, ಒಂದರ ಬೆಲೆ ಇನ್ನೊಂದಕ್ಕಿಂತ ಎಷ್ಟೋ ಜಾಸ್ತಿ. ಯಾಕೆ ಅಂದರೆ "ಅದು ಸ್ಪೆಷಲ್ ಐಟಂ ಸಾರ್". ಅಷ್ಟೇ ಉತ್ತರ.

ವ್ಯತ್ಯಾಸ ಇರುವುದು ಕೆಲಸದಲ್ಲಿ. ಉಳಿಯಿಂದ ಕೊರೆದ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದಿದ್ದರೆ ಅದು ತಾರಕಶಿ. ಬೆಳ್ಳಿ ತಗಡನ್ನು ಹೂವು, ಎಲೆಯ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದರೆ ತೆಹನಿಶಾನ್. ಚಿತ್ತಾರ ಮೈಯಿಂದ ಮೇಲೆ ಉಬ್ಬಿದ್ದರೆ ಜರ್‌ಬುಲಂದ್. ಎಷ್ಟು ಬೆಳ್ಳಿ ಹೋಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಅನ್ನುವುದೆಲ್ಲ ಇದರ ಮೇಲೆ ನಿಂತಿದೆ. ಇದನ್ನು ಗಿರಾಕಿಗೆ ಹೇಳೋಕೆ ಏನು ಕಷ್ಟ?

ಇನ್ನು ಆ ಕಪ್ಪು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದಾಗ ಸಾಮಾನು ಕಪ್ಪಗಿರುವುದೇ ಇಲ್ಲ. ಉಜ್ಜಿ ನುಣುಪು ಮಾಡಿ, ಗೆರೆ ಕಾಣಲಿ ಅಂತ ಮೈಲುತುತ್ತಿನ ನೀರು ಸವರುತ್ತಾರೆ, ಅದು ತಾತ್ಕಾಲಿಕ. ನಿಜವಾದ ಕಪ್ಪು ಬರುವುದು ಕೊನೆಗೆ, ಬೆಳ್ಳಿ ಕೂರಿಸಿದ ಮೇಲೆ, ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರ ಅನ್ನುವ ಲವಣದ ಜೊತೆ ನೀರಲ್ಲಿ ಕಲಸಿ ಬಿಸಿ ಮಾಡಿದ ಸಾಮಾನಿಗೆ ಉಜ್ಜಿದಾಗ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಆಮೇಲೆ ಎಣ್ಣೆ ಹಚ್ಚಿದರೆ ಮುಗಿಯಿತು. ಆ ಮಣ್ಣು ಸರಿಯಿದೆಯೋ ಇಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ! ಬಿಸಿಲು ಮಳೆ ಕಾಣದ ಜಾಗದ ಮಣ್ಣೇ ಬೇಕಂತೆ.

ಈ ಕೆಲಸದ ಪಕ್ಕದಲ್ಲೇ ಬೇರೆ ಯಾವುದೋ ಹಗುರ ಲೋಹಕ್ಕೆ ಕಪ್ಪು ಪೇಂಟ್ ಬಳಿದು, ಬೆಳ್ಳಿ ಬಣ್ಣದಲ್ಲಿ ಬಳ್ಳಿ ಬಿಡಿಸಿ, ಇದೂ ಬಿದ್ರಿ ಅಂತ ಮಾರುವವರಿದ್ದಾರೆ. ನಮ್ಮ ಮನೆಗೆ ಯಾವುದೋ ಸಮಾರಂಭದ ನೆನಪಿನ ಕಾಣಿಕೆಯಾಗಿ ಅಂಥದ್ದೇ ಒಂದು ತಟ್ಟೆ ಬಂತು, ಮಳೆಗಾಲ ಮುಗಿಯುವಷ್ಟರಲ್ಲಿ ಅಂಚಿನ ಬಣ್ಣ ಎದ್ದು ಉಗುರಿಗೆ ಬರುತ್ತಿತ್ತು. ಕೊಟ್ಟವರಿಗೂ ಗೊತ್ತಿರಲಿಕ್ಕಿಲ್ಲ ಬಿಡಿ, ಆರ್ಡರ್ ಹಾಕಿದವರು ರೇಟು ನೋಡಿ ಹಾಕಿರುತ್ತಾರೆ.

ಬಿದ್ರಿಗೆ 2006ರಲ್ಲೇ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. 2023ರಲ್ಲಿ ನಮ್ಮೂರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆ ಪಟ್ಟೆವು. ಹೆಮ್ಮೆ ಸರಿ, ಆದರೆ ಅಸಲಿ ಯಾವುದು ನಕಲಿ ಯಾವುದು ಅಂತ ಹೇಳುವ ಒಂದು ಚೀಟಿ ಕೂಡ ಸಾಮಾನಿನ ಜೊತೆ ಬರದಿದ್ದರೆ ಆ ಟ್ಯಾಗ್‌ನಿಂದ ಕೊಳ್ಳುವವನಿಗೆ ಏನು ಸಿಕ್ಕಂತಾಯಿತು?

ನಾನು ಕೇಳುವುದು ಇಷ್ಟೇ. ಕೆಲಸ ಯಾವ ಬಗೆಯದು, ಬೆಳ್ಳಿ ಎಷ್ಟು ಗ್ರಾಂ, ಮಾಡಿದವರು ಯಾರು. ಮೂರು ಸಾಲಿನ ಚೀಟಿ. ಬಂಗಾರದ ಅಂಗಡಿಯವರು ಚಿಕ್ಕ ಮೂಗುಬೊಟ್ಟಿಗೂ ತೂಕ ಬರೆದು ಬಿಲ್ ಕೊಡುವುದಿಲ್ಲವೇ? ಸರ್ಕಾರಿ ಕಾರ್ಯಕ್ರಮಗಳಿಗೆ ಕಾಣಿಕೆ ತರಿಸುವ ಇಲಾಖೆಗಳು ಮೊದಲು ಈ ಚೀಟಿ ಕೇಳಲಿ, ಚೀಟಿ ಇಲ್ಲದ ಸಾಮಾನು ವಾಪಸ್ ಕಳಿಸಲಿ. ದೊಡ್ಡ ಗಿರಾಕಿ ಕೇಳಿದರೆ ಅಂಗಡಿಯವರು ತಾವಾಗಿಯೇ ಬರೆದು ಕೊಡುತ್ತಾರೆ.

ಇಂತಿ,
ಓರ್ವ ಓದುಗ, ಬೀದರ್