ಮೂರನೇ ಹಡಗಿಗೆ ಮೊದಲು ವಿಮಾನಗಳ ಲೆಕ್ಕ

ಮಾನ್ಯ ಸಂಪಾದಕರೇ,

ಮೂರನೇ ವಿಮಾನವಾಹಕ ನೌಕೆ ಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ, ಅದು ದೇಶದ ಪ್ರತಿಷ್ಠೆಯ ಪ್ರಶ್ನೆಯೆಂದು ಕೆಲವರೂ ದೂರಗಾಮಿ ಕ್ಷಿಪಣಿಗಳ ಕಾಲದಲ್ಲಿ ಬಿಳಿಯಾನೆ ಸಾಕಿದಂತೆಂದು ಕೆಲವರೂ ವಾದಿಸುತ್ತಾರೆ. ಹಡಗಿನಿಂದ ಹಾರಬೇಕಾದ ವಿಮಾನಗಳ ಮಾತು ಮಾತ್ರ ಎರಡೂ ಕಡೆ ಕಡಿಮೆ.

1971ರ ಯುದ್ಧದ ಹೊತ್ತಿಗೆ ನಮ್ಮ ಮೊದಲ ವಿಮಾನವಾಹಕ ನೌಕೆಯಾದ ಹಳೆಯ ವಿಕ್ರಾಂತ್‌ನ ಬಾಯ್ಲರ್ ಬಿರುಕು ಬಿಟ್ಟು, ಹಡಗು ಪೂರ್ಣ ವೇಗದಲ್ಲಿ ಸಾಗುವಂತಿರಲಿಲ್ಲ. ಆದರೂ ಬಂಗಾಳ ಕೊಲ್ಲಿಗೆ ಹೋದ ಆ ಹಡಗಿನಿಂದ ಎದ್ದ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ನಡೆಸಿ, ಪೂರ್ವ ಪಾಕಿಸ್ತಾನದಲ್ಲಿದ್ದ ಸೇನೆಗೆ ಸಮುದ್ರದ ದಾರಿ ಮುಚ್ಚಲು ನೆರವಾದವು. ಕುಂಟುತ್ತಿದ್ದ ಹಡಗಿನ ಮಾನ ಕಾಪಾಡಿದ್ದು ಅದರ ವಿಮಾನಗಳೇ.

ಈಗಿನ ಸ್ಥಿತಿ ತಿರುವುಮುರುವು. ನಮ್ಮ ಕಾರವಾರದ ಕದಂಬ ನೆಲೆಯಲ್ಲಿ (ಊರವರ ಬಾಯಲ್ಲಿ ಅದು ಈಗಲೂ ‘ಸೀಬರ್ಡ್’) ತಂಗುವ ವಿಕ್ರಮಾದಿತ್ಯ 2013ರಲ್ಲಿಯೂ, ಕೊಚ್ಚಿಯಲ್ಲಿ ಸುಮಾರು 20,000 ಕೋಟಿ ರೂಪಾಯಿಗೆ ಕಟ್ಟಿದ ಹೊಸ ವಿಕ್ರಾಂತ್ 2022ರಲ್ಲಿಯೂ ಸೇವೆಗೆ ಸೇರಿದವು. ಇವೆರಡಕ್ಕೂ ಆಸರೆಯಾಗಿ ಖರೀದಿಸಿದ್ದು 45 ಮಿಗ್-29ಕೆ ವಿಮಾನಗಳನ್ನು. ಅವುಗಳಲ್ಲಿ ಹಾರಾಟಕ್ಕೆ ಸಿದ್ಧವಿರುತ್ತಿದ್ದ ಪ್ರಮಾಣ ಶೇ 16ರಿಂದ 38ರ ಆಸುಪಾಸಿನಲ್ಲಿತ್ತೆಂದು ಮಹಾಲೇಖಪಾಲರು (ಸಿಎಜಿ) 2016ರಲ್ಲೇ ವರದಿ ಮಾಡಿದ್ದರು. 2025ರ ಏಪ್ರಿಲ್‌ನಲ್ಲಿ ಒಪ್ಪಂದವಾದ 26 ರಫೇಲ್‌ಗಳಲ್ಲಿ ನಾಲ್ಕು ಎರಡು ಆಸನದ ತರಬೇತಿ ವಿಮಾನಗಳಾಗಿದ್ದು, ಹಡಗಿನಿಂದ ಹಾರಲಾರವು. ಉಳಿದ 22 ಎರಡು ಹಡಗುಗಳಿಗೆ ಹಂಚಿಕೆಯಾಗಬೇಕು.

ಇನ್ನೊಂದು ತೊಡಕು ವಿಮಾನಗಳು ಏಳುವ ಹಡಗಿನ ಮೇಲಟ್ಟದ (ಡೆಕ್) ವಿನ್ಯಾಸದ್ದು. ನಮ್ಮ ಎರಡೂ ನೌಕೆಗಳಲ್ಲಿ ವಿಮಾನಗಳು ಮೂತಿ ಎತ್ತಿದ ಓಡುಹಾದಿಯಿಂದ ಸ್ವಂತ ಎಂಜಿನ್ ಬಲದಲ್ಲೇ ಏಳಬೇಕಾದ್ದರಿಂದ, ಇಂಧನ ಹೆಚ್ಚು ತುಂಬಿದರೆ ಶಸ್ತ್ರಾಸ್ತ್ರ ಕಡಿಮೆ ಮಾಡಬೇಕಾಗುತ್ತದೆ. ದೂರದ ಅಪಾಯವನ್ನು ಮೊದಲೇ ಕಾಣುವ ಭಾರದ ರೇಡಾರ್ ವಿಮಾನಗಳಂತೂ ಏಳುವುದೇ ಇಲ್ಲ. ಆ ಕೆಲಸವನ್ನು ಕಾಮೋವ್ ಹೆಲಿಕಾಪ್ಟರ್‌ಗಳು ತಮ್ಮ ಮಿತಿಯಲ್ಲಿ ಮಾಡುತ್ತಿವೆ. ಚೀನಾದ ವಿಮಾನವಾಹಕ ನೌಕೆ ಫುಜಿಯಾನ್, ವಿಮಾನವನ್ನು ವೇಗವಾಗಿ ಮುಂದಕ್ಕೆ ಚಿಮ್ಮಿಸುವ ವಿದ್ಯುತ್ಕಾಂತೀಯ ಕವಣೆಯಿಂದ ಅಂಥ ವಿಮಾನವನ್ನು ಹಾರಿಸಿ ತೋರಿಸಿದೆ. ಕ್ಷಿಪಣಿಯ ಭಯವನ್ನು ಮುಂದಿಡುವವರು ಮೊದಲು ಕೇಳಬೇಕಾದದ್ದು ಈ ಕಣ್ಣನ್ನೇ ಅಲ್ಲವೇ?

ಕೊಚ್ಚಿಯ ಕುಶಲಕರ್ಮಿಗಳು ಗಳಿಸಿದ ಅನುಭವ ಕರಗಿಹೋಗದಿರಲು ವಿಕ್ರಾಂತ್ ಮಾದರಿಯಲ್ಲೇ ಬೇಗ ಇನ್ನೊಂದನ್ನು ಕಟ್ಟಬೇಕೆಂಬ ವಾದ ಸುಳ್ಳೇನಲ್ಲ. ಆದರೆ ಅದೇ ಮಾದರಿಯೆಂದರೆ ಅದೇ ಮಿತಿಯನ್ನು ಮುಂದಿನ ಹಲವು ದಶಕಗಳಿಗೆ ಕಟ್ಟಿಕೊಂಡಂತೆ. ಆದ್ದರಿಂದ ಮೂರನೇ ನೌಕೆಗೆ ಮಂಜೂರಾತಿ ಕೊಡುವ ಮುನ್ನ, ಅದರಿಂದ ಯಾವ ವಿಮಾನಗಳು, ಎಷ್ಟು, ಯಾವಾಗಿನಿಂದ ಹಾರುತ್ತವೆ ಎಂಬುದನ್ನು ರಕ್ಷಣಾ ಸಚಿವಾಲಯ ಸಂಸತ್ತಿನ ಮುಂದಿಡಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಓದುಗ, ಕಾರವಾರ